ನಿಂತ ಗಾಡಿಯ ವೇಗ

ಮೋಟಾರು ಕಾರನ್ನು ಅಂಗಡಿಯಿಂದ ಕೊಂಡು ತರುವ ಬದಲು ಮನೆಯ ಪಕ್ಕದ ಷೆಡ್ಡಿನಲ್ಲಿ ತಾನೇ ಕಟ್ಟಿಕೊಳ್ಳುವ ಹವ್ಯಾಸವೊಂದು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಬೇರೂರಿದೆ. 1957ರಲ್ಲಿ ಕಾಲಿನ್ ಚಾಪ್‌ಮನ್ ಲೋಟಸ್ ಸೆವೆನ್ ಎಂಬ ಪುಟ್ಟ ತೆರೆದ ಕಾರನ್ನು ಹೊರತಂದಾಗ, ಸಿದ್ಧವಾದ ಕಾರಿನ ಮೇಲೆ ವಿಧಿಸುತ್ತಿದ್ದ ಖರೀದಿ ತೆರಿಗೆಯು ಬಿಡಿಭಾಗಗಳಿಗೆ ಅನ್ವಯಿಸುತ್ತಿರಲಿಲ್ಲವಾದ ಕಾರಣ, ಅನೇಕರು ಅದನ್ನು ಬಿಡಿಬಿಡಿಯಾಗಿಯೇ ಕೊಂಡು ಮನೆಯಲ್ಲಿ ಜೋಡಿಸಿಕೊಂಡರು. ಜೋಡಣೆಯ ಸೂಚನೆಗಳನ್ನು ಜೊತೆಗೆ ಕೊಡಕೂಡದೆಂಬ ನಿಯಮವನ್ನು ಮೀರದೆ, ಕಾರನ್ನು ಬಿಚ್ಚುವ ಕ್ರಮವನ್ನು ಬರೆದುಕೊಟ್ಟು, ಕೊಂಡವನು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳಲೆಂದು ಬಿಟ್ಟರೆಂಬ ಕಥೆ ಆ ವಲಯದಲ್ಲಿ ಇಂದಿಗೂ ಪ್ರಚಲಿತವಾಗಿದೆ. ಆ ತೆರಿಗೆ 1973ರಲ್ಲಿ ಹೋಯಿತು. ಸೆವೆನ್ ಕಾರಿನ ಹಕ್ಕು ಅದೇ ವರ್ಷ ಕೇಟರ್‌ಹ್ಯಾಮ್ ಸಂಸ್ಥೆಗೆ ಸಂದಿತು. ಹವ್ಯಾಸ ಮಾತ್ರ ಉಳಿಯಿತು. 1996ರಲ್ಲಿ ರಾನ್ ಚಾಂಪಿಯನ್ ಎಂಬವರು ಕೇವಲ 250 ಪೌಂಡಿನಲ್ಲಿ ಇಂಥ ಕಾರನ್ನು ಕಟ್ಟುವ ಬಗೆಯನ್ನು ಪುಸ್ತಕವಾಗಿ ಬರೆದ ಮೇಲಂತೂ, ಹಳೆಯ ಫೋರ್ಡ್ ಎಸ್ಕಾರ್ಟ್ ಕಾರುಗಳ ಅಂಗಾಂಗಗಳು ಎಷ್ಟೋ ಷೆಡ್ಡುಗಳಲ್ಲಿ ಪುನರ್ಜನ್ಮ ಪಡೆದವು.

ಒಂದು ಕಾರಿನ ಎಂಜಿನ್, ಮತ್ತೊಂದರ ಹಿಂದಿನ ಆಕ್ಸಲ್, ಇನ್ನಾವುದೋ ಅಳತೆಯ ಚಕ್ರ, ಇವೆಲ್ಲ ಒಂದೇ ಚೌಕಟ್ಟಿನಲ್ಲಿ ಸಂಸಾರ ಹೂಡಬೇಕಾಗಿ ಬಂದಾಗ ಮೊದಲು ಮುನಿಸಿಕೊಳ್ಳುವುದು ಎಂಜಿನ್ನಲ್ಲ, ಬ್ರೇಕೂ ಅಲ್ಲ. ಚಾಲಕನ ಕಣ್ಣೆದುರಿನಲ್ಲಿ ಕುಳಿತ ವೇಗಮಾಪಕ, ಅರ್ಥಾತ್ ಸ್ಪೀಡೋಮೀಟರ್. ಕಾರಣ ಸರಳವಾದುದು. ಕಾರ್ಖಾನೆಯ ಕಾರಿನಲ್ಲಿ ಚಕ್ರದ ಸುತ್ತಳತೆಗೂ ಗೇರಿನ ಹಲ್ಲುಗಳಿಗೂ ಮುಳ್ಳಿನ ಚಲನೆಗೂ ಇರುವ ಸಂಬಂಧವನ್ನು ನಿರ್ಮಾಪಕನೇ ಮೊದಲು ಲೆಕ್ಕಹಾಕಿ ಬಿಗಿದಿರುತ್ತಾನೆ. ಮನೆಯಲ್ಲಿ ಕಟ್ಟಿದ ಕಾರಿನಲ್ಲಿ ಆ ಸಂಬಂಧವನ್ನು ಹೊಸದಾಗಿ ಸ್ಥಾಪಿಸಬೇಕು.

ಹಳೆಯ ವೇಗಮಾಪಕದ ತತ್ತ್ವ ಅತ್ಯಂತ ರಮಣೀಯವಾದುದು. 1902ರಲ್ಲಿ ಸ್ಟ್ರಾಸ್‌ಬರ್ಗಿನ ಒಟ್ಟೊ ಷುಲ್ಜ್ ಎಂಬಾತನು ಪೇಟೆಂಟ್ ಪಡೆದ ಆ ಉಪಕರಣದಲ್ಲಿ, ಗೇರ್‌ಬಾಕ್ಸಿನಿಂದ ಹೊರಟ ಬಾಗುವ ಕೇಬಲೊಂದು ಪುಟ್ಟ ಆಯಸ್ಕಾಂತವನ್ನು ತಿರುಗಿಸುತ್ತದೆ. ಅದನ್ನು ಮುಟ್ಟದೆ ಸುತ್ತುವರಿದಿರುವ ಲೋಹದ ಬಟ್ಟಲಿನಲ್ಲಿ ಸುಳಿವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತಿನ ಕಾಂತಪ್ರಭಾವದಿಂದ ಬಟ್ಟಲು ತಾನೂ ತಿರುಗಲೆಳಸುತ್ತದೆ. ಆದರೆ ಕೂದಲೆಳೆಯಂಥ ಸ್ಪ್ರಿಂಗೊಂದು ಅದನ್ನು ತಡೆಹಿಡಿದು, ವೇಗಕ್ಕೆ ತಕ್ಕಷ್ಟೇ ವಾಲಲು ಬಿಡುತ್ತದೆ. ಬಟ್ಟಲಿಗೆ ಅಂಟಿಸಿದ ಮುಳ್ಳೇ ನಮಗೆ ಕಾಣುವ ಮುಳ್ಳು. ಬ್ಯಾಟರಿಯ ಹಂಗಿಲ್ಲದೆ ಇಷ್ಟನ್ನು ಸಾಧಿಸಿದ ಯಂತ್ರವನ್ನು ನಾವು ಬೇಗನೆ ಮರೆತೆವೆಂದು ನನಗೆ ತೋರುತ್ತದೆ.

ಈಗಿನ ವಿದ್ಯುನ್ಮಾನ ವೇಗಮಾಪಕವಾದರೋ ವೇಗವನ್ನು ಅಳೆಯುವುದೇ ಇಲ್ಲ, ಅದು ಎಣಿಸುತ್ತದೆ. ಬ್ರೇಕ್ ಡಿಸ್ಕನ್ನು ಹಿಡಿದಿರುವ ಬೋಲ್ಟುಗಳ ತಲೆಗಳೆದುರು ಒಂದು ಸೆನ್ಸರನ್ನು ನಿಲ್ಲಿಸಿದರೆ, ಪ್ರತಿಯೊಂದು ತಲೆ ಹಾದುಹೋದಾಗಲೂ ಅದರಿಂದ ಒಂದು ವಿದ್ಯುತ್ ಮಿಡಿತ ಹೊರಡುತ್ತದೆ. ಚಕ್ರ ಒಂದು ಸುತ್ತಿಗೆ 1.7 ಮೀಟರ್ ಸಾಗುವುದೆಂದೂ ಬೋಲ್ಟುಗಳು ನಾಲ್ಕೆಂದೂ ಇಟ್ಟುಕೊಂಡರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 39 ಮಿಡಿತಗಳು. 5 ಕಿಲೋಮೀಟರ್ ವೇಗದಲ್ಲಿ ಮೂರಕ್ಕಿಂತ ತುಸು ಹೆಚ್ಚು. ಗಾಡಿ ತೆವಳುವಾಗ ಮುಳ್ಳು ತಡವರಿಸಿದರೆ ಅದು ರೋಗವಲ್ಲ, ಎಣಿಸಲು ಏನೂ ಸಾಲದೆ ಬಂದ ಬಡತನ.

ಸೆನ್ಸರುಗಳಲ್ಲಿ ಮೂರು ಬಗೆ. ಆಯಸ್ಕಾಂತದ ಸುತ್ತ ತಂತಿಯ ಸುರುಳಿ ಸುತ್ತಿದ್ದು ಒಂದು. ಇದು ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವದ ನೇರ ಸಂತಾನ, ಹೊರಗಿನ ವಿದ್ಯುತ್ತು ಬೇಡ, ಆದರೆ ನಿಧಾನವಾಗಿ ತಿರುಗಿದಾಗ ಇದರ ದನಿ ಕ್ಷೀಣಿಸುತ್ತದೆ. ಎರಡನೆಯದು, ಎಲೆಕ್ಟ್ರಾನೆಂಬುದರ ಪತ್ತೆಯೇ ಆಗಿರದ 1879ರಲ್ಲಿ ಎಡ್ವಿನ್ ಹಾಲ್ ಚಿನ್ನದ ತೆಳುರೇಕಿನಲ್ಲಿ ಗುರುತಿಸಿದ ಪರಿಣಾಮವನ್ನು ಆಧರಿಸಿದ್ದು. ಮೂರನೆಯದೇ ಷೆಡ್ಡಿನ ಶಿಲ್ಪಿಗಳಿಗೆ ಪ್ರಿಯವಾದ, ಕಾರ್ಖಾನೆಗಳ ಯಂತ್ರಗಳಿಗಾಗಿ ತಯಾರಾದ ಪ್ರಾಕ್ಸಿಮಿಟಿ ಸೆನ್ಸರ್. ಬೆರಳುಗಾತ್ರದ, ಮೈಮೇಲೆ ತಿರುಪಿನ ಮರೆಯುಳ್ಳ ಈ ಕೊಳವೆಯ ತುದಿಯಲ್ಲಿ ಸುರುಳಿಯೊಂದು ಸದಾ ಕಂಪಿಸುವ ಕಾಂತಕ್ಷೇತ್ರವನ್ನು ಹರಡುತ್ತಿರುತ್ತದೆ. ಲೋಹದ ತುಂಡೊಂದು ಎದುರು ಬಂದಾಗ ಅದರೊಳಗೆ ಸುಳಿವಿದ್ಯುತ್ ಎದ್ದು ಆ ಕಂಪನದ ಶಕ್ತಿಯನ್ನು ಹೀರುತ್ತದೆ. ಕಂಪನ ಕುಗ್ಗಿದ್ದನ್ನು ಕಂಡು ಸೆನ್ಸರ್ ತನ್ನ ಸ್ವಿಚ್ಚನ್ನು ಒತ್ತುತ್ತದೆ. ಷುಲ್ಜನ ಬಟ್ಟಲನ್ನು ಎಳೆದ ಅದೇ ಸುಳಿವಿದ್ಯುತ್ತು ಇಲ್ಲಿ ಬೋಲ್ಟಿನ ತಲೆಯಲ್ಲಿ ಮತ್ತೆ ಅವತರಿಸಿತು!

ಈ ಮರ್ಮವನ್ನು ತಿಳಿದವನಿಗೆ ಅರ್ಧ ರೋಗಗಳು ತಾವಾಗಿಯೇ ಅರ್ಥವಾಗುತ್ತವೆ. ಸಾಮಾನ್ಯವಾದ 12 ಮಿಲಿಮೀಟರ್ ಗಾತ್ರದ ಸೆನ್ಸರು ಉಕ್ಕನ್ನು ಕಾಣಬಲ್ಲ ದೂರ ಎರಡು ಅಥವಾ ನಾಲ್ಕು ಮಿಲಿಮೀಟರ್ ಮಾತ್ರ; ಸ್ಟೇನ್‌ಲೆಸ್ ಉಕ್ಕಾದರೆ ಅದಕ್ಕಿಂತ ಕಡಿಮೆ, ಅಲ್ಯೂಮಿನಿಯಮ್ಮಾದರೆ ಅರ್ಧಕ್ಕೂ ಕಡಿಮೆ. ಆದುದರಿಂದ, ನೆನ್ನೆಯವರೆಗೆ ಸರಿಯಾಗಿದ್ದ ವೇಗಮಾಪಕವು ಯಜಮಾನನು ಅಂದಕ್ಕಾಗಿ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟುಗಳನ್ನು ಹಾಕಿದ ಮರುದಿನ ಕುರುಡಾದರೆ ಆಶ್ಚರ್ಯಪಡಬೇಕಾಗಿಲ್ಲ. ಸೆನ್ಸರನ್ನು ಹಿಡಿದ ಲೋಹದ ಪಟ್ಟಿಯೇ ಅದರ ಮುಖಕ್ಕೆ ತೀರ ಸಮೀಪದಲ್ಲಿದ್ದರೆ ಅದು ಸದಾ ಆ ಪಟ್ಟಿಯನ್ನೇ ನೋಡುತ್ತ, ಬೋಲ್ಟು ಬಂದದ್ದನ್ನೂ ಹೋದದ್ದನ್ನೂ ಅರಿಯದೆ ಕುಳಿತಿರುತ್ತದೆ. ಷಟ್ಕೋಣದ ಗುಳಿಯುಳ್ಳ ಆಲನ್ ಬೋಲ್ಟಿನ ತಲೆ ದೊಡ್ಡದಾಗಿ ಸೆನ್ಸರಿನ ಮುಖ ಚಿಕ್ಕದಾಗಿದ್ದರೆ, ಗುಳಿಯ ಎರಡು ಅಂಚುಗಳು ಎರಡು ಬೋಲ್ಟುಗಳಾಗಿ ಲೆಕ್ಕಕ್ಕೆ ಬರುವುದೂ ಉಂಟು. 80ರಲ್ಲಿ ಓಡುವ ಗಾಡಿ ಸ್ಥಿರವಾಗಿ 60 ತೋರಿಸಿದರೆ ನಾಲ್ಕರಲ್ಲಿ ಒಂದು ಬೋಲ್ಟು ಕಣ್ಣಿಗೆ ಬೀಳುತ್ತಿಲ್ಲವೆಂದೂ, 160 ತೋರಿಸಿದರೆ ಪ್ರತಿಯೊಂದೂ ಎರಡು ಸಲ ಬೀಳುತ್ತಿದೆಯೆಂದೂ ಊಹಿಸುವುದು ಯುಕ್ತ. ತಪ್ಪು ಅನುಪಾತಬದ್ಧವಾಗಿದ್ದರೆ ಅದು ಎಣಿಕೆಯ ತಪ್ಪು. ಅಸ್ತವ್ಯಸ್ತವಾಗಿದ್ದರೆ ತಂತಿಯ ತಪ್ಪು.

ಮುಳ್ಳು ಸತ್ತಂತೆ ಬಿದ್ದಿರುವಾಗ ಹೊಸ ಸೆನ್ಸರನ್ನು ತರಲು ಓಡುವುದು ಬಹುಮಂದಿಯ ಪದ್ಧತಿ. ಹಣ ಕೊಟ್ಟು ಅದೇ ರೋಗವನ್ನು ಎರಡನೆಯ ಸಲ ಕೊಳ್ಳುವ ಉಪಾಯವಿದು. ಚಕ್ರದಿಂದ ಮುಳ್ಳಿನವರೆಗಿನ ಸರಪಳಿಯನ್ನು ನಡುವೆ ಕತ್ತರಿಸಿ, ದೋಷ ಯಾವ ಅರ್ಧದಲ್ಲಿದೆಯೆಂದು ಕೇಳುವುದೇ ವಿಹಿತವಾದ ಮಾರ್ಗ. ಆ ನಡು ಎಂದರೆ ಸಂಕೇತದ ತಂತಿ. ಇಂಥ ಸೆನ್ಸರುಗಳಲ್ಲಿ ಕಂದು ತಂತಿ ಬ್ಯಾಟರಿಯ ಧನಕ್ಕೆ, ನೀಲಿ ಅರ್ತಿಗೆ (ಎಂದರೆ ಋಣಕ್ಕೆ), ಕಪ್ಪು ಸಂಕೇತಕ್ಕೆ ಎಂಬುದು ರೂಢಿ. ಗಾಡಿಯ ಚಕ್ರವನ್ನು ಜಾಕಿನ ಮೇಲೆತ್ತಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಕಪ್ಪಿಗೂ ಇನ್ನೊಂದನ್ನು ನೀಲಿಗೂ ಹಿಡಿದು, ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸಿದರೆ, ವೋಲ್ಟೇಜು ಬೋಲ್ಟಿಗೊಮ್ಮೆ ಮೇಲೇರಿ ಕೆಳಗಿಳಿಯಬೇಕು. ಸೆನ್ಸರಿನ ಬೆನ್ನಿನ ಮೇಲೆ ಪುಟ್ಟ ದೀಪವಿದ್ದರೆ ಅದೂ ಜೊತೆಗೆ ಮಿನುಗಬೇಕು. ದೀಪ ಮಿನುಗಿಯೂ ವೋಲ್ಟೇಜು ಕದಲದಿದ್ದರೆ ಸೆನ್ಸರು ಪ್ರಾಯಃ ನಿರ್ದೋಷಿ: ಅದರ ಸ್ವಿಚ್ಚು ತಂತಿಯನ್ನು ಅರ್ತಿಗೆ ಎಳೆಯಬಲ್ಲುದೇ ಹೊರತು ಮೇಲಕ್ಕೆತ್ತಲಾರದು, ಆದುದರಿಂದ ಧನಕ್ಕೂ ಸಂಕೇತಕ್ಕೂ ನಡುವೆ ಒಂದು ರೆಸಿಸ್ಟರ್ ಬೇಕಾಗಿದೆ. ಅರ್ತಿಗೆ ಎಳೆಯುವ ಸಂಕೇತವನ್ನು ನಿರೀಕ್ಷಿಸುವ ಮಾಪಕಕ್ಕೆ ಧನವನ್ನು ಕಳಿಸುವ ಜಾತಿಯ ಸೆನ್ಸರನ್ನು ಜೋಡಿಸಿದಾಗಲೂ ಹೀಗೆಯೇ ಎರಡೂ ಆರೋಗ್ಯವಾಗಿದ್ದು ಮಾತುಕತೆ ಮಾತ್ರ ನಡೆಯುವುದಿಲ್ಲ. ದೀಪವೂ ಮಿನುಗದಿದ್ದರೆ, ಸೆನ್ಸರಿನ ಮುಖಕ್ಕೆ ಒಂದು ಉಕ್ಕಿನ ಸ್ಪ್ಯಾನರನ್ನು ಹಿಡಿದು ನೋಡಬೇಕು. ಆಗ ಹೊತ್ತಿಕೊಂಡರೆ ದೋಷ ಅಂತರದ್ದು.

ಎಲ್ಲಕ್ಕಿಂತ ಕುತೂಹಲಕರವಾದ ವ್ಯಾಧಿ, ನಿಂತ ಗಾಡಿಗೆ ವೇಗ ಬರುವುದು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 900 ಸುತ್ತು ಸುಮ್ಮನೆ ತಿರುಗುತ್ತಿರುವಾಗ ಸೆಕೆಂಡಿಗೆ 30 ಕಿಡಿಗಳು ಹಾರುತ್ತವೆ, ಪ್ರತಿಯೊಂದರ ಹಿಂದೆಯೂ ಸಾವಿರಾರು ವೋಲ್ಟುಗಳ ಒತ್ತಡವಿರುತ್ತದೆ. ಸಂಕೇತದ ತಂತಿಯನ್ನು ಸ್ಪಾರ್ಕ್ ಪ್ಲಗ್ಗಿನ ತಂತಿಯ ಮಗ್ಗುಲಲ್ಲೇ ಒಯ್ದಿದ್ದರೆ ಕಿಡಿಯ ಪ್ರತಿಧ್ವನಿ ಅದರಲ್ಲಿ ಮೂಡುತ್ತದೆ. ಮಿಡಿತವನ್ನಲ್ಲದೆ ಬೇರೇನನ್ನೂ ಅರಿಯದ ಮಾಪಕವು ಆ 30ನ್ನೂ ಶ್ರದ್ಧೆಯಿಂದ ಎಣಿಸಿ, ಮೇಲಿನ ಲೆಕ್ಕದಂತೆ, ಗಂಟೆಗೆ 46 ಕಿಲೋಮೀಟರ್ ಎಂದು ಸಾರುತ್ತದೆ. ಆಕ್ಸಿಲರೇಟರನ್ನು ಒತ್ತಿ 3000 ಸುತ್ತಿಗೇರಿಸಿದರೆ ಷೆಡ್ಡಿನೊಳಗೇ 153! ಮುಳ್ಳು ಎಂಜಿನ್ನಿನ ಏರಿಳಿತವನ್ನು ಅನುಸರಿಸುವುದೇ ಈ ವ್ಯಾಧಿಯ ಲಕ್ಷಣ. ತಂತಿಗೆ ಬೇರೆ ದಾರಿ, ಮೇಲೆ ಜಾಲರಿಯ ಕವಚ, ಆ ಕವಚಕ್ಕೆ ಒಂದೇ ತುದಿಯಲ್ಲಿ ಅರ್ತು, ಇವೇ ಇದಕ್ಕೆ ಚಿಕಿತ್ಸೆ. ಹಾಗಲ್ಲದೆ ಹೆಡ್‌ಲೈಟ್ ಹಾಕಿದಾಗ ಮುಳ್ಳು ಬೆಚ್ಚಿದರೆ ಸಂಶಯವನ್ನು ಅರ್ತಿನ ಕಡೆಗೆ ತಿರುಗಿಸಬೇಕು. ಮನೆಯ ಕಾರಿನ ಉಕ್ಕಿನ ಚೌಕಟ್ಟಿಗೆ ತುಕ್ಕು ಹಿಡಿಯದಂತೆ ಬೇಯಿಸಿದ ಪುಡಿಬಣ್ಣದ ಲೇಪ ಹಾಕಿರುತ್ತಾರೆ. ಲೇಪವು ಉತ್ತಮವಾದ ವಿದ್ಯುನ್ನಿರೋಧಕ. ಅದರ ಮೇಲೆ ಬಿಗಿದ ಅರ್ತಿನ ತಂತಿ ಬೋಲ್ಟಿನ ತಿರುಪುಮರೆಯ ಮೂಲಕ ಹೇಗೋ ಏದುಸಿರು ಬಿಡುತ್ತಿರುತ್ತದೆ. ಬಣ್ಣವನ್ನು ಲೋಹ ಕಾಣುವವರೆಗೆ ಕೆರೆಯಬೇಕು. ಹೊಸ ಬಣ್ಣದ ಮೇಲೆ ಅಷ್ಟು ಮೋಹವಿದ್ದರೆ, ಸೆನ್ಸರಿನಿಂದಲೂ ಮಾಪಕದಿಂದಲೂ ಒಂದೊಂದು ತಂತಿಯನ್ನು ನೇರವಾಗಿ ಬ್ಯಾಟರಿಯ ಋಣಕ್ಕೆ ಒಯ್ಯುವುದು ಒಳ್ಳೆಯದು.

ಇನ್ನು ಉಳಿಯುವುದು ಲೆಕ್ಕ ಕೂಡಿಸುವ ಕೆಲಸ. ಟಯರಿನ ವ್ಯಾಸದಿಂದ ಸುತ್ತಳತೆಯನ್ನು ಗುಣಿಸಿ ತೆಗೆಯುವುದಕ್ಕಿಂತ, ಭಾರ ಹೊತ್ತ ಗಾಡಿಯನ್ನು ಸಮನೆಲದ ಮೇಲೆ ಕೆಲವು ಸುತ್ತು ಉರುಳಿಸಿ, ಸೀಮೆಸುಣ್ಣದ ಗುರುತಿನಿಂದ ಗುರುತಿಗೆ ಅಳೆಯುವುದು ಮೇಲು. ಏಕೆಂದರೆ ಭಾರದಡಿಯಲ್ಲಿ ಅಮುಕಿದ ಟಯರು ಲೆಕ್ಕಕ್ಕಿಂತ ತುಸು ಕಡಿಮೆ ಸಾಗುತ್ತದೆ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಕೂಡದು. ಹೆಚ್ಚು ತೋರಿಸುವುದಾದರೆ ನಿಜವೇಗದ ಹತ್ತನೆಯ ಒಂದು ಭಾಗ ಮತ್ತು ನಾಲ್ಕು ಕಿಲೋಮೀಟರನ್ನು ಮೀರಕೂಡದು. ಗಂಟೆಗೆ 80ರಲ್ಲಿ ಓಡುವಾಗ 92ರವರೆಗೂ ಕ್ಷಮೆಯುಂಟು, 79ಕ್ಕೆ ಇಲ್ಲ. ಬ್ರಿಟನ್ನಿನಲ್ಲಿ 2009ರಿಂದ ಜಾರಿಯಲ್ಲಿರುವ ಬಿಡಿವಾಹನಗಳ ಅನುಮೋದನಾ ಪರೀಕ್ಷೆಯಲ್ಲಿಯೂ ಕಡಿಮೆ ತೋರಿಸುವ ವೇಗಮಾಪಕಕ್ಕೆ ತೇರ್ಗಡೆಯಿಲ್ಲ. ಟಯರು ಸವೆದಂತೆ ಚಕ್ರದ ವ್ಯಾಸ ಕುಗ್ಗಿ, ಅದೇ ದೂರಕ್ಕೆ ಹೆಚ್ಚು ಸುತ್ತುಗಳೂ ಹೆಚ್ಚು ಮಿಡಿತಗಳೂ ಬರುವುದರಿಂದ, ಹೊಸ ಟಯರಿನ ಮೇಲೆ ಕೂಡಿಸಿದ ಲೆಕ್ಕವು ಸವೆತದಿಂದ ಶೇಕಡಾ ಎರಡರಷ್ಟು ತಪ್ಪಿದರೂ ಕಾನೂನಿನ ಪಕ್ಷಕ್ಕೇ ವಾಲುತ್ತದೆ. ಸವೆದ ಟಯರಿನ ಮೇಲೆ ಕೂಡಿಸಿ ಆಮೇಲೆ ಹೊಸದನ್ನು ಹಾಕಿದವನ ಮುಳ್ಳು ಮಾತ್ರ ಕೆಳಗಿಳಿದಿರುತ್ತದೆ, ಅವನು ಲೆಕ್ಕವನ್ನು ಮತ್ತೊಮ್ಮೆ ಕೂಡಿಸಬೇಕು.