ಕಿಟಕಿಗೆ ಬಿದ್ದ ಬೂದು ಪರದೆ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಕಥೆ ಬರೆದುಕೊಡುವುದಾಗಿ ಒಪ್ಪಿಕೊಂಡಿರುತ್ತೀರಿ. ಹೊಸ ನೋಟ್‌ಬುಕ್ಕು, ಒಳ್ಳೆಯ ಪೆನ್ನು, ಸದ್ದಿಲ್ಲದ ಕೋಣೆ ಎಲ್ಲವೂ ಸಿದ್ಧ. ಮೊದಲ ವಾಕ್ಯ ಮಾತ್ರ ಹೊರಡುವುದಿಲ್ಲ. ಎರಡು ದಿನ ಹೀಗಾದರೆ ಸಾಕು, 'ನನಗೆ ಪ್ರತಿಭೆಯೇ ಇಲ್ಲ' ಎಂದುಕೊಂಡು ಪೆನ್ನು ಕೆಳಗಿಡುತ್ತೀರಿ. ವಿದ್ಯಾರ್ಥಿಗಳೇ, ಇದು ಆತುರದ ತೀರ್ಮಾನ. ಮೈಸೂರಿನಲ್ಲಿ ಬಾಳಿ, ಇಂಗ್ಲಿಷಿನಲ್ಲಿ ಬರೆದು ಹೆಸರಾದ ಆರ್. ಕೆ. ನಾರಾಯಣ್ (1906-2001) ಅವರಿಗೂ ಬರವಣಿಗೆ ನಿಂತ ದಿನಗಳಿದ್ದವು.

1930ರಲ್ಲಿ, ಬೆಂಗಳೂರಿನಲ್ಲಿದ್ದಾಗ, ಅಜ್ಜಿ ಗೊತ್ತುಮಾಡಿದ ಶುಭದಿನದಂದು ಅವರು ಒಂದು ನೋಟ್‌ಬುಕ್ಕು ಕೊಂಡು ಕಾದಂಬರಿ ಬರೆಯಲು ಕುಳಿತರು. ಏನು ಬರೆಯಬೇಕೆಂಬುದು ಅವರಿಗೂ ತಿಳಿದಿರಲಿಲ್ಲ. ಪೆನ್ನಿನ ತುದಿ ಕಚ್ಚುತ್ತ ಯೋಚಿಸುತ್ತಿದ್ದಾಗ ಪುಟ್ಟದೊಂದು ರೈಲು ನಿಲ್ದಾಣ ಕಣ್ಣಮುಂದೆ ತೇಲಿಬಂತು. ಮಾಲ್ಗುಡಿ ಹುಟ್ಟಿದ್ದು ಹಾಗೆ. ಶಂಕರ್ ನಾಗ್ ಅವರ ಧಾರಾವಾಹಿಯಲ್ಲಿ ನೀವು ನೋಡಿರಬಹುದಾದ ಊರು ಅದೇ. ಊರು ಹೊಳೆಯಲಿ, ಆಮೇಲೆ ಬರೆಯೋಣ ಎಂದು ಅವರು ಸುಮ್ಮನಿದ್ದಿದ್ದರೆ?

ಆ ಹಸ್ತಪ್ರತಿ ಪ್ರಕಾಶಕರಿಂದ ಮತ್ತೆ ಮತ್ತೆ ಹಿಂದಿರುಗಿತು. ಬೇಸತ್ತ ನಾರಾಯಣ್, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡುವಂತೆ ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ತಿಳಿಸಿದರು. ಗೆಳೆಯ ಹಾಗೆ ಮಾಡದೆ ಗ್ರಹಾಂ ಗ್ರೀನ್ ಅವರಿಗೆ ತೋರಿಸಿದ. 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಅಚ್ಚಾಯಿತು. ಬರೆದದ್ದನ್ನು ಹರಿದುಹಾಕುವ ಮೊದಲು ಒಬ್ಬ ಸ್ನೇಹಿತನ ಕೈಗೆ ಕೊಟ್ಟು ನೋಡಿ.

ಎಲ್ಲ ತಡೆಯೂ ಒಂದೇ ಬಗೆಯದಲ್ಲ. 1939ರಲ್ಲಿ ಪತ್ನಿ ರಾಜಂ ವಿಷಮಶೀತಜ್ವರದಿಂದ ತೀರಿಕೊಂಡರು. ಮನೆಯಲ್ಲಿ ಪುಟ್ಟ ಮಗಳು. 1938ರಲ್ಲಿ 'ದಿ ಡಾರ್ಕ್ ರೂಮ್' ಬಂದಿತ್ತು. ಮುಂದಿನ ಕಾದಂಬರಿ 'ದಿ ಇಂಗ್ಲಿಷ್ ಟೀಚರ್' ಬಂದದ್ದು 1945ರಲ್ಲಿ. ಅದರ ವಸ್ತು ಆ ಸಾವೇ. ನಡುವೆ, 1943ರಲ್ಲಿ, ಸಣ್ಣಕಥೆಗಳ ಸಂಕಲನಗಳು ಹೊರಬಂದಿದ್ದವು. ದುಃಖದಲ್ಲಿರುವವನಿಗೆ 'ಶ್ರದ್ಧೆ ಸಾಲದು' ಎಂದು ಉಪದೇಶ ಮಾಡುವುದು ನನಗಂತೂ ಸರಿಕಾಣದು. ದೊಡ್ಡದು ಕೈಗೆ ಹತ್ತದಿದ್ದಾಗ ಚಿಕ್ಕದನ್ನು ಬರೆಯಬಹುದು, ಅಷ್ಟೇ.

ಇನ್ನೊಂದು ತಡೆ ವಿಚಿತ್ರವಾದದ್ದು. ಮೈಸೂರಿನ ಯಾದವಗಿರಿಯಲ್ಲಿ ಸ್ವಂತ ಮನೆ ಕಟ್ಟಿಸಿದಾಗ ನಾರಾಯಣ್ ತಮ್ಮ ಬರವಣಿಗೆಯ ಕೋಣೆಗೆ ಎಂಟು ಕಿಟಕಿ ಇಡಿಸಿದರು. ಒಂದು ಕಡೆ ಚಾಮುಂಡಿ ಬೆಟ್ಟ, ಮತ್ತೊಂದು ಕಡೆ ಊರಿನ ಗೋಪುರ ಗುಮ್ಮಟಗಳು. ಮೇಯುವ ದನಕುರಿ, ಹಾದುಹೋಗುವ ರೈಲು, ಮರದಲ್ಲಿ ಹಕ್ಕಿಗಳ ಕೂಗು. ಬರೆಯುವುದಕ್ಕೆ ಇದಕ್ಕಿಂತ ಉತ್ತಮ ಜಾಗ ಬೇಕೆ? ಆದರೆ ನೋಡುತ್ತ ಕುಳಿತರೆ ಗಂಟೆಗಳೇ ಕಳೆಯುತ್ತಿದ್ದವು, ಬರವಣಿಗೆ ಸಾಗುತ್ತಿರಲಿಲ್ಲ. ಕೊನೆಗೆ ಮೇಜಿನ ಪಕ್ಕದ ದೊಡ್ಡ ಕಿಟಕಿಗೆ ಬೂದು ಬಣ್ಣದ ಪರದೆ ಹಾಕಿಸಿದರು. ಆಮೇಲೆ ದಿನಕ್ಕೆ ಸಾವಿರ ಪದ ಬರೆಯುವುದು ಸಾಧ್ಯವಾಯಿತು ಎಂದು ಆತ್ಮಕಥೆ 'ಮೈ ಡೇಸ್'ನಲ್ಲಿ ಅವರೇ ಹೇಳಿಕೊಂಡಿದ್ದಾರೆ.

ನಿಮ್ಮ ಮೇಜಿನ ಮೇಲಿರುವ ಮೊಬೈಲ್ ಫೋನು ಆ ಎಂಟು ಕಿಟಕಿಗಳಿಗೆ ಸಮ. ಅದನ್ನು ಬೇರೆ ಕೋಣೆಯಲ್ಲಿಟ್ಟು, ದಿನವೂ ಒಂದೇ ಹೊತ್ತಿಗೆ ಕುಳಿತು ನೋಡಿ. ಸಾವಿರ ಪದ ಬೇಡ, ನೂರಾದರೂ ಸಾಕು. ಹಾಗೆಂದು ಸದಾ ಪರದೆಯ ಹಿಂದೆಯೇ ಇರಬೇಕಿಲ್ಲ. ನಾರಾಯಣ್ ಮೈಸೂರಿನ ಬೀದಿಗಳಲ್ಲಿ ನಡೆದಾಡುತ್ತ, ಸಿಕ್ಕಿದವರೊಡನೆ ಮಾತಾಡುತ್ತ ಕಥೆಗೆ ಬೇಕಾದವರನ್ನು ಅಲ್ಲೇ ಕಂಡುಕೊಂಡವರು.

ಯಾದವಗಿರಿಯ ಆ ಮನೆ 2016ರಲ್ಲಿ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಿತು. ಮೈಸೂರಿಗೆ ಹೋದಾಗ ಆ ಕಿಟಕಿಗಳನ್ನು ನೋಡಿ ಬನ್ನಿ.