ಕಮರ್ಷಿಯಲ್ ಸ್ಟ್ರೀಟಿನ ಗದ್ದಲವೂ ಕಿವಿಯ ಲೆಕ್ಕವೂ

ಶನಿವಾರದ ಸಂಜೆ ಕಾಮರಾಜ ರಸ್ತೆಯ ಕಡೆಯಿಂದ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟನ್ನು ಹೊಕ್ಕವರಿಗೆ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಬೀಳುತ್ತದೆ. ಹಿಂದೆ ವಾಹನಗಳ ಹಾರನ್ನು. ಮುಂದೆ ಬಟ್ಟೆ, ಬಳೆ, ಪಾದರಕ್ಷೆಗಳನ್ನು ಮಾರುವವರ ಕೂಗು. ಅಂಗಡಿಯ ಬಾಗಿಲಿನಿಂದ ಹೊರಕ್ಕೆ ಚೆಲ್ಲುವ ಹಾಡು. ಇವೆಲ್ಲದರ ನಡುವೆ ಚೌಕಾಸಿ ಮಾಡುವ ನೂರಾರು ಗಂಟಲುಗಳು. ಈಚೆಗೆ ನಾವು ಒಂದು ಜೊತೆ ಚಪ್ಪಲಿ ಕೊಳ್ಳಲು ಅಲ್ಲಿಗೆ ಹೋಗಿದ್ದಾಗ, ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ ಕಾಲೇಜು ತರುಣನೊಬ್ಬನನ್ನು ಕಂಡೆವು. ಅವನ ಎರಡು ಕಿವಿಗಳಲ್ಲಿಯೂ ಇಯರ್‌ಫೋನುಗಳಿದ್ದುವು. ಬೀದಿಯ ಗದ್ದಲ ಏರಿದಂತೆಲ್ಲ ಅವನ ಹೆಬ್ಬೆರಳು ಫೋನಿನ ಪಕ್ಕದ ಗುಂಡಿಯನ್ನು ಒತ್ತುತ್ತಿತ್ತು. ಒಮ್ಮೆ, ಎರಡು ಬಾರಿ, ಮೂರು ಬಾರಿ. ಗದ್ದಲ ಕ್ಷಣಕಾಲ ತಗ್ಗಿದಾಗ, ಪಕ್ಕದಲ್ಲಿ ನಿಂತಿದ್ದ ನಮಗೂ ಅವನ ಹಾಡಿನ ತಾಳ ಸ್ಪಷ್ಟವಾಗಿ ಕೇಳಿಸಿತು. ಹೆಬ್ಬೆರಳಿನ ಆ ಅಲ್ಪ ಚಲನೆಯೇ ಈ ಲೇಖನದ ವಿಷಯ.

ಅವನು ಮಾಡಿದುದರಲ್ಲಿ ವಿಚಿತ್ರವೇನೂ ಇಲ್ಲ. ಒಂದು ಶಬ್ದವನ್ನು ಇನ್ನೊಂದು ಶಬ್ದ ಮುಚ್ಚುತ್ತದೆ. ಸುತ್ತಲಿನ ಗದ್ದಲದ ಮೇಲೆ ಹಾಡು ತೇಲಬೇಕಾದರೆ ಅದರ ಪ್ರಮಾಣವನ್ನು ಏರಿಸಲೇಬೇಕು. ಆದರೆ ಕಿವಿಗೆ ಬೀದಿಯ ಗದ್ದಲವೆಂದೂ ಇಂಪಾದ ಹಾಡೆಂದೂ ಭೇದವಿಲ್ಲ. ಎರಡೂ ಗಾಳಿಯ ಒತ್ತಡದ ಏರಿಳಿತಗಳೇ. ಎರಡರ ಶಕ್ತಿಯೂ ಒಂದೇ ಖಾತೆಗೆ ಸೇರುತ್ತದೆ.

ಡೆಸಿಬೆಲ್ ಎಂದರೇನು?

ಶಬ್ದದ ತೀವ್ರತೆಯನ್ನು ಡೆಸಿಬೆಲ್ ಎಂಬ ಮಾನದಲ್ಲಿ ಅಳೆಯುವುದನ್ನು ವಿದ್ಯಾರ್ಥಿಗಳು ಬಲ್ಲರು. ಆರೋಗ್ಯವಂತ ತರುಣನ ಕಿವಿಗೆ ಅಂಚಿನಲ್ಲಿ ಮಾತ್ರ ಕೇಳಿಸುವ ಶಬ್ದಕ್ಕೆ 0 ಡೆಸಿಬೆಲ್ ಎಂದು ಹೆಸರು. ಇದು ಲಾಗರಿತಮ್ ಪದ್ಧತಿಯ ಮಾನ. ಅಂದರೆ ಪ್ರತಿ 10 ಡೆಸಿಬೆಲ್ ಏರಿಕೆಗೆ ತೀವ್ರತೆ ಹತ್ತು ಪಟ್ಟಾಗುತ್ತದೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಇಮ್ಮಡಿಯಾಗುತ್ತದೆ. ಈ ಎರಡು ವಾಕ್ಯಗಳನ್ನು ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕವೆಲ್ಲ ಸುಲಭ.

ಭಾರತ ಸರ್ಕಾರದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶಗಳಲ್ಲಿ ಹಗಲಿನ ಮಿತಿ 65 ಡೆಸಿಬೆಲ್, ರಾತ್ರಿಯದು 55. ಅರುವತ್ತೈದು ಎಂದರೆ ಕೇಳಿಕೆಯ ಅಂಚಿನ ಶಬ್ದಕ್ಕಿಂತ ಸುಮಾರು 32 ಲಕ್ಷ ಪಟ್ಟು ತೀವ್ರತೆ. ದೊಡ್ಡ ಧ್ವನಿವರ್ಧಕದ ಬಳಿ 100 ಡೆಸಿಬೆಲ್ ಅಪರೂಪವಲ್ಲ. ಅದು ಅಂಚಿನ ಶಬ್ದದ 1000 ಕೋಟಿ ಪಟ್ಟು. ಆದರೂ ಒಂದು ಚದರ ಮೀಟರಿನ ಮೇಲೆ ಬೀಳುವ ಅದರ ಶಕ್ತಿ ಒಂದು ವ್ಯಾಟಿನ ನೂರರಲ್ಲೊಂದು ಭಾಗ ಮಾತ್ರ! ಇಷ್ಟು ಅಲ್ಪ ಶಕ್ತಿಯಿಂದ ಹಾನಿಯೆಂತು ಎಂದು ವಾಚಕರು ಕೇಳಬಹುದು. ಉತ್ತರ ಕಿವಿಯ ರಚನೆಯಲ್ಲಿದೆ.

ಕಿವಿಯ ಒಳಗೆ

ಹೊರಗಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರು ಉದ್ದವಾಗಿದ್ದು, ಅದರ ಒಳತುದಿ ತಮಟೆಯಿಂದ ಮುಚ್ಚಿದೆ. ಒಂದು ತುದಿ ಮುಚ್ಚಿದ ಕೊಳವೆಯ ಅನುರಣನವನ್ನು ನೀವು ಪ್ರಯೋಗಶಾಲೆಯಲ್ಲಿ ನೋಡಿರುವಿರಷ್ಟೆ. ಅದೇ ಸೂತ್ರವನ್ನು ಇಲ್ಲಿಗೂ ಅನ್ವಯಿಸಿದರೆ ಈ ನಾಳ 3000ದಿಂದ 3500 ಹರ್ಟ್ಸ್ ಆಸುಪಾಸಿನ ಸ್ವರಗಳನ್ನು ಹಿಗ್ಗಿಸುತ್ತದೆಂದು ತಿಳಿಯುತ್ತದೆ. ತಮಟೆಯ ಕಂಪನವನ್ನು ಮೂರು ಪುಟ್ಟ ಮೂಳೆಗಳು ಒಳಗಿವಿಗೆ ಒಯ್ಯುತ್ತವೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುರುಳಿಗೊಂಡ, ದ್ರವ ತುಂಬಿದ ಕಾಕ್ಲಿಯ ಎಂಬ ನಾಳವಿದೆ. ಬಿಡಿಸಿ ನೀಳಮಾಡಿದರೆ ಅದರ ಉದ್ದ ಸುಮಾರು 35 ಮಿಲಿಮೀಟರು.

ಈ ನಾಳದೊಳಗಿನ ಪೊರೆಯ ಮೇಲೆ ಶಬ್ದದ ಅಲೆ ಹೇಗೆ ಸಾಗುವುದೆಂಬುದನ್ನು ಕಂಡುಹಿಡಿದವನು ಹಂಗೆರಿಯ ಬುಡಾಪೆಸ್ಟಿನವನಾದ ಗಿಯಾರ್ಗ್ ಫಾನ್ ಬೆಕೆಶಿ. ಟೆಲಿಫೋನ್ ಸಂಶೋಧನೆಯಿಂದ ಈ ವಿಷಯಕ್ಕೆ ಬಂದ ಆ ಭೌತವಿಜ್ಞಾನಿಗೆ 1961ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಮೇಲಿನ ಸ್ಥಾಯಿಯ ಸ್ವರಗಳು ನಾಳದ ಬುಡದಲ್ಲಿಯೂ ಕೆಳಗಿನ ಸ್ವರಗಳು ಅದರ ತುದಿಯಲ್ಲಿಯೂ ಪೊರೆಯನ್ನು ಹೆಚ್ಚಾಗಿ ತೂಗಿಸುತ್ತವೆ. ಆ ತೂಗಾಟವನ್ನು ನರದ ಸಂಕೇತವಾಗಿ ಮಾರ್ಪಡಿಸುವುದು ರೋಮಕೋಶಗಳ ಕೆಲಸ. ಅವುಗಳ ಸಂಖ್ಯೆ ಪ್ರತಿ ಕಿವಿಯಲ್ಲಿ ಸುಮಾರು 15,000 ಮಾತ್ರ. ಕಣ್ಣಿನ ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಹತ್ತು ಕೋಟಿಗೂ ಮೀರಿರುವುದನ್ನು ನೆನೆದರೆ, ಕಿವಿಯ ಬಂಡವಾಳ ಎಷ್ಟು ಚಿಕ್ಕದೆಂದು ಅರಿವಾಗುತ್ತದೆ. ಕೋಳಿಯೇ ಮೊದಲಾದ ಹಕ್ಕಿಗಳಲ್ಲಿ ಸತ್ತ ರೋಮಕೋಶದ ಸ್ಥಾನದಲ್ಲಿ ಹೊಸದು ಹುಟ್ಟುತ್ತದೆ. ಮನುಷ್ಯನಲ್ಲಿ ಹುಟ್ಟುವುದಿಲ್ಲ. ಹೋದುದು ಹೋಯಿತು.

ಗಟ್ಟಿಯಾದ ಶಬ್ದದಿಂದ ಮೊದಲು ನಷ್ಟವಾಗುವುದು ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸಿನ ಕೇಳಿಕೆ. ಹೊರನಾಳ ಹಿಗ್ಗಿಸುವ ಸ್ವರಗಳು ಇದರ ನೆರೆಯವೇ ಎಂಬುದು ಇದಕ್ಕೊಂದು ಕಾರಣ. ಮಾತಿನಲ್ಲಿ ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಆವೃತ್ತಿಗಳಲ್ಲಿದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಬಹುಮಟ್ಟಿಗೆ ಮೇಲಿನ ಆವೃತ್ತಿಗಳಲ್ಲಿದೆ. ಆದುದರಿಂದ ಇಂತಹ ನಷ್ಟಕ್ಕೆ ಒಳಗಾದವನಿಗೆ ಲೋಕ ಮೌನವಾಗುವುದಿಲ್ಲ. ಧ್ವನಿ ಕೇಳಿಸುತ್ತದೆ, ಆದರೆ ಹೇಳಿದ್ದು ಸಾಲೋ, ಹಾಲೋ, ಕಾಲೋ, ಪಾಲೋ ಎಂದು ತಿಳಿಯದು.

ಸಂಗೀತಪ್ರಿಯನಿಗೆ ಇನ್ನೊಂದು ನಷ್ಟವೂ ಉಂಟು. ತಂಬೂರಿಯ ಮತ್ತು ವೀಣೆಯ ನಾದದ ಸಿರಿ ಇರುವುದು ಮೂಲಸ್ವರದ ಮೇಲೆ ಹಬ್ಬುವ ಉಪಸ್ವರಗಳಲ್ಲಿ ಎಂಬುದನ್ನೂ, ವಾದ್ಯದ ಬಾಗಿದ ಕುದುರೆಯೇ ಅದಕ್ಕೆ ಕಾರಣವೆಂಬುದನ್ನೂ ಸರ್ ಸಿ. ವಿ. ರಾಮನ್ನರು ಬೆಂಗಳೂರಿಗೆ ಬರುವ ಮೊದಲೇ, 1920ರ ದಶಕದ ಆದಿಯಲ್ಲಿ, ವಿವರಿಸಿದ್ದರು. ಮೇಲಿನ ಆವೃತ್ತಿಗಳು ಮಸುಕಾದ ಕಿವಿಗೆ ಆ ಸಿರಿಯೇ ಮೊದಲು ಕಾಣೆಯಾಗುತ್ತದೆ.

ಪ್ರಯೋಗಶಾಲೆಯಲ್ಲಿ ಕಂಡದ್ದು

ನಮ್ಮ ತರಗತಿಯಲ್ಲಿ ಧ್ವನಿಯ ಪಾಠದ ಕೊನೆಗೆ ಒಂದು ಚಿಕ್ಕ ಪರೀಕ್ಷೆಯುಂಟು. ಆಸಿಲೇಟರಿನಿಂದ 4000 ಹರ್ಟ್ಸ್ ಸ್ವರವನ್ನು ಹೊರಡಿಸಿ, ಮೆಲ್ಲಮೆಲ್ಲಗೆ ತಗ್ಗಿಸುತ್ತ ಹೋಗುತ್ತೇವೆ. ಕೇಳಿಸುವವರೆಗೆ ಕೈ ಎತ್ತಿರಬೇಕು, ನಿಂತೊಡನೆ ಇಳಿಸಬೇಕು. ಬಲಗಿವಿಯ ಸರದಿಯಲ್ಲಿ ನಾವು ವಿದ್ಯಾರ್ಥಿಗಳೊಡನೆ ಸಮನಾಗಿ ನಿಲ್ಲುತ್ತೇವೆ. ಎಡಗಿವಿಯ ಸರದಿಯಲ್ಲಿ ಎಲ್ಲರಿಗಿಂತ ಮೊದಲು ಕೈ ಇಳಿಸುವವರು ನಾವೇ.

ಇದಕ್ಕೆ ಹಿನ್ನೆಲೆಯುಂಟು. ನಮಗೆ ಹತ್ತೊಂಬತ್ತು ವರ್ಷವಾಗಿದ್ದಾಗ ಒಂದು ಉತ್ಸವದ ವಾದ್ಯಗೋಷ್ಠಿಗೆ ಹೋಗಿ, ಎಡಗಿವಿ ಧ್ವನಿವರ್ಧಕಗಳ ಕಡೆಗಿರುವಂತೆ ಎರಡು ಗಂಟೆ ಕಾಲ ನಿಂತಿದ್ದೆವು. ಮನೆಗೆ ಬಂದಾಗ ಕಿವಿಗೆ ಹತ್ತಿ ತುರುಕಿದಂತಿತ್ತು. ಎರಡು ದಿನ ಕಿವಿಯೊಳಗೆ ಜೀರುಂಡೆ ಕೂಗಿದಂತೆ ಒಂದೇ ಸಮನೆ ಸದ್ದು. ಮೂರನೆಯ ದಿನ ಅದು ನಿಂತಿತು. ವಾಸಿಯಾಯಿತೆಂದು ಸಂತೋಷಪಟ್ಟು ಮರೆತೆವು. ಮರುವರ್ಷವೂ ಅಲ್ಲಿಯೇ ನಿಂತೆವು. ಹತ್ತು ವರ್ಷಗಳ ಮೇಲೆ ಶ್ರವಣಪರೀಕ್ಷೆ ಮಾಡಿಸಿದಾಗ, ಎಡಗಿವಿಯ ರೇಖಾಚಿತ್ರದಲ್ಲಿ 4000 ಹರ್ಟ್ಸ್ ಬಳಿ ಒಂದು ತಗ್ಗು ಕಂಡಿತು. ಇಂದು ಹಿಂದಿನ ಬೆಂಚಿನ ವಿದ್ಯಾರ್ಥಿ ಪ್ರಶ್ನೆ ಕೇಳಿದರೆ ನಾವು ಬಲಗಿವಿಯನ್ನು ಅತ್ತ ತಿರುಗಿಸಬೇಕು. ಎಷ್ಟೋ ವೇಳೆ ‘ಇನ್ನೊಮ್ಮೆ ಹೇಳಿ’ ಎನ್ನಬೇಕು. ಎರಡನೆಯ ಬಾರಿ ಕೇಳಲು ಸಂಕೋಚಪಟ್ಟು ಸುಮ್ಮನಾಗುವ ವಿದ್ಯಾರ್ಥಿಗಳನ್ನು ಕಂಡಾಗ ಆಗುವ ವ್ಯಥೆಯನ್ನು ಯಾವ ಮಾಪಕವೂ ತೋರಿಸಲಾರದು.

ಕಿವಿ ಮೊರೆಯುವುದು ನಿಂತಿತೆಂದರೆ ಹಾನಿ ತೀರಿತೆಂದು ಅರ್ಥವಲ್ಲ. ಕುಜಾವ ಮತ್ತು ಲಿಬರ್‌ಮನ್ ಎಂಬ ಅಮೆರಿಕದ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಟ್ಟಿ ಶಬ್ದಕ್ಕೆ ಒಡ್ಡಿದ ಇಲಿಗಳ ಕೇಳಿಕೆ ಕೆಲವು ದಿನಗಳಲ್ಲಿ ಮೊದಲಿನಂತಾಯಿತು. ರೋಮಕೋಶಗಳೂ ಉಳಿದಿದ್ದುವು. ಆದರೆ ಆ ಕೋಶಗಳನ್ನು ಶ್ರವಣನರದೊಡನೆ ಜೋಡಿಸುವ ಸಂಧಿಗಳಲ್ಲಿ ಹಲವು ಶಾಶ್ವತವಾಗಿ ಹರಿದುಹೋಗಿದ್ದುವು.

ಹೊತ್ತಿನ ಲೆಕ್ಕ

ಹಾಗಾದರೆ ಎಷ್ಟು ಗಟ್ಟಿಯಾಗಿ, ಎಷ್ಟು ಹೊತ್ತು ಕೇಳಬಹುದು? ಈ ಎರಡು ಪ್ರಶ್ನೆಗಳು ಬೇರೆಬೇರೆಯಲ್ಲ. ಕಿವಿಗೆ ತಗಲುವ ಒಟ್ಟು ಶಕ್ತಿ ತೀವ್ರತೆ ಮತ್ತು ಕಾಲಗಳ ಗುಣಲಬ್ಧ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವ ಮಿತಿ, 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆ. ಮಕ್ಕಳಿಗಾದರೆ ಅಷ್ಟೇ ಹೊತ್ತಿಗೆ 75. ಇನ್ನು ಮೂರು ಡೆಸಿಬೆಲ್ ಏರಿದಂತೆ ಹೊತ್ತನ್ನು ಅರ್ಧಮಾಡುತ್ತ ಹೋಗಬೇಕು: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ತೊಂಬತ್ತಕ್ಕೆ 4 ಗಂಟೆ. ನೂರಕ್ಕೆ ಇಡೀ ವಾರಕ್ಕೆ 24 ನಿಮಿಷ ಮಾತ್ರ.

ಒಂದು ಉದಾಹರಣೆ ನೋಡೋಣ. ಕೃಷ್ಣರಾಜಪುರದಲ್ಲಿ ವಾಸಿಸುತ್ತ ನಗರದ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳು, ಮನೆಯಿಂದ ಕಾಲೇಜಿಗೆ ಒಂದು ಗಂಟೆ, ಹಿಂತಿರುಗಲು ಒಂದು ಗಂಟೆ ಹಾಡು ಕೇಳುತ್ತಾಳೆನ್ನಿ. ಆರು ದಿನಗಳಿಗೆ 12 ಗಂಟೆ. ಪ್ರಮಾಣ 80 ಡೆಸಿಬೆಲ್ ಇದ್ದರೆ ಅವಳು ವಾರದ ಪಾಲಿನಲ್ಲಿ ನೂರಕ್ಕೆ 30ನ್ನು ಮಾತ್ರ ವೆಚ್ಚಮಾಡಿದಳು. ದಾರಿಯ ಗದ್ದಲವನ್ನು ಮೀರಿಸಲು ಅದನ್ನು 90ಕ್ಕೆ ಏರಿಸಿದಳೆಂದರೆ, ಅದೇ ಹಾಡು, ಅದೇ ಹೊತ್ತು. ಆದರೆ ವೆಚ್ಚ ನೂರಕ್ಕೆ 300. ಇನ್ನು 100 ಡೆಸಿಬೆಲಿನ ಸಭಾಂಗಣದಲ್ಲಿ ಎರಡು ಗಂಟೆ ಕಳೆದವನು ಒಂದೇ ಸಂಜೆಯಲ್ಲಿ ಐದು ವಾರಗಳ ಪಾಲನ್ನು ಮುಗಿಸಿರುತ್ತಾನೆ.

ಕಾನೂನು ಎಲ್ಲಿಯವರೆಗೆ?

2000ದ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಗಳನ್ನು ಸಾಮಾನ್ಯವಾಗಿ ನಿಷೇಧಿಸುತ್ತವೆ. ಹಗಲಿನಲ್ಲಿಯೂ ಸಾರ್ವಜನಿಕ ಸ್ಥಳದ ಎಲ್ಲೆಯಲ್ಲಿ ಅವುಗಳ ಶಬ್ದ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಯಾವುದು ಕಡಮೆಯೋ ಅದನ್ನು ಮೀರಕೂಡದು. ಧ್ವನಿವರ್ಧಕದಿಂದ ಗದ್ದಲವೆಬ್ಬಿಸುವುದು ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ತೀರ್ಪಿತ್ತಿತು.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಈ ಅಳತೆ ನಡೆಯುವುದು ಎಲ್ಲೆಯಲ್ಲಿ, ಕೇಳುವವನ ಕಿವಿಯಲ್ಲಲ್ಲ. ಕಾನೂನು ರಕ್ಷಿಸುವುದು ಕೇಳಲೊಲ್ಲದ ನೆರೆಯವನನ್ನು. ಬಯಸಿ ಕೇಳುವವನ ಕಿವಿಯೊಳಗೆ, ತಮಟೆಯಿಂದ ಎರಡು ಸೆಂಟಿಮೀಟರು ದೂರದಲ್ಲಿ ಮೊಳಗುವ ಇಯರ್‌ಫೋನಿನ ಬಳಿಗೆ ಯಾವ ಅಧಿಕಾರಿಯೂ ಮಾಪಕ ಹಿಡಿದು ಬರಲಾರನು. ಅಲ್ಲಿ ಕಾವಲು ನಮ್ಮದೇ.

ಮಾಡಬೇಕಾದುದೇನು?

ಮೊದಲನೆಯದು, ಹಾಡಿನ ಪ್ರಮಾಣವನ್ನು ಮನೆಯ ನಿಶ್ಶಬ್ದವಾದ ಕೋಣೆಯಲ್ಲಿ ಗೊತ್ತುಮಾಡಿರಿ. ಬೀದಿಯಲ್ಲಿ ಅದನ್ನು ಏರಿಸಬೇಡಿರಿ. ಗರಿಷ್ಠದ ನೂರಕ್ಕೆ 60ರೊಳಗೆ ಇರಿಸುವುದು ಒಳ್ಳೆಯ ರೂಢಿ. ಅಷ್ಟರಲ್ಲಿ ಹಾಡು ಕೇಳಿಸದಿದ್ದರೆ ಆ ಸ್ಥಳ ಹಾಡಿಗೆ ತಕ್ಕುದಲ್ಲವೆಂದು ತಿಳಿದು ನಿಲ್ಲಿಸಿರಿ. ಈಗಿನ ಹಲವು ಫೋನುಗಳು ವಾರದ ಲೆಕ್ಕವನ್ನು ತಾವೇ ತೋರಿಸುತ್ತವೆ.

ಎರಡನೆಯದು, ಕಿವಿಯನ್ನು ಮುಚ್ಚಿ ಕೂರುವ ಇಯರ್‌ಫೋನು, ಅಥವಾ ಹೊರಗಿನ ಅಲೆಗೆ ವಿರುದ್ಧ ಕಲೆಯ ಅಲೆಯನ್ನು ಹುಟ್ಟಿಸಿ ಅದನ್ನು ಅಳಿಸುವ ಇಯರ್‌ಫೋನು ರೈಲಿನಲ್ಲಿ ಉಪಯುಕ್ತ. ಗದ್ದಲ ತಗ್ಗಿದಷ್ಟೂ ಹಾಡನ್ನು ಏರಿಸುವ ಆವಶ್ಯಕತೆ ಇಲ್ಲ. ಆದರೆ ರಸ್ತೆ ದಾಟುವಾಗ ಇವನ್ನು ತೆಗೆಯಲೇಬೇಕು.

ಮೂರನೆಯದು, ಧ್ವನಿವರ್ಧಕದಿಂದ ದೂರ ನಿಲ್ಲಿರಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸುಮಾರು 6 ಡೆಸಿಬೆಲ್ ತಗ್ಗುತ್ತದೆ. ಗೋಡೆಗಳ ನಡುವೆ ಲಾಭ ಇಷ್ಟಿರದು. ದೂರ ಹೋಗಲಾಗದಿದ್ದರೆ ಔಷಧದ ಅಂಗಡಿಯಲ್ಲಿ ದೊರೆಯುವ ಸ್ಪಂಜಿನ ಕಿವಿಬಿರಡೆಯನ್ನು ಬಳಸಿರಿ. ಅದನ್ನು ಹೊಸೆದು ತೆಳುಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿರಿಸಿ, ಅರಳುವವರೆಗೆ ಬೆರಳಿನಿಂದ ಒತ್ತಿಹಿಡಿಯಬೇಕು. ಅದರಿಂದ 15 ಡೆಸಿಬೆಲ್ ತಗ್ಗಿದರೂ, ಮೇಲೆ ಹೇಳಿದ 24 ನಿಮಿಷ ಸುಮಾರು ಹನ್ನೆರಡೂವರೆ ಗಂಟೆಯಾಗುತ್ತದೆ. ಹತ್ತಿಯ ಉಂಡೆಯಿಂದ ಇಷ್ಟು ಪ್ರಯೋಜನವಿಲ್ಲ.

ಕಿವಿ ಮೊರೆಯುವುದು, ಮುಚ್ಚಿದಂತಾಗುವುದು, ಗುಂಪಿನಲ್ಲಿ ಮಾತು ತಿಳಿಯದಿರುವುದು, ಇವು ಎಚ್ಚರಿಕೆಯ ಗಂಟೆಗಳು. ಎಣ್ಣೆ ಬಿಟ್ಟುಕೊಂಡು ಕಾಯುತ್ತ ಕೂರದೆ ವೈದ್ಯರಲ್ಲಿ ಶ್ರವಣಪರೀಕ್ಷೆ ಮಾಡಿಸಿರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪಿತವಾದದ್ದು ಇಂತಹ ಕಾರ್ಯಕ್ಕಾಗಿಯೇ. ಒಂದು ಕಿವಿ ಥಟ್ಟನೆ ಕೇಳದಾದರೆ ಅಂದೇ ಹೋಗಬೇಕು. ತಡಮಾಡಿದಷ್ಟೂ ಚಿಕಿತ್ಸೆಯ ಫಲ ಕಡಮೆ.

ಆ ಸಂಜೆ ನಾವು ಅಂಗಡಿಯಿಂದ ಹೊರಬಂದಾಗ ತರುಣನು ಅಲ್ಲಿಯೇ ನಿಂತಿದ್ದನು. ಚಪ್ಪಲಿಯ ವ್ಯಾಪಾರಿ ಅವನಿಗೆ ಬೆಲೆಯನ್ನು ಮೂರನೆಯ ಬಾರಿ ಹೇಳುತ್ತಿದ್ದನು. ಇಯರ್‌ಫೋನನ್ನು ತೆಗೆದ ಮೇಲೆ ಅವನಿಗೆ ಬೆಲೆ ಕೇಳಿಸಿತು. ತೆಗೆದರೂ ಕೇಳಿಸದ ದಿನ ಅವನಿಗೆ ಬಾರದಿರಲೆಂದು ಈ ಲೆಕ್ಕವನ್ನು ಬರೆದಿದ್ದೇವೆ.