ದೆಹಲಿಯಲ್ಲಿ ಗೊಂಬೆ ಕೂರಿಸಿದ ವ್ಯಂಗ್ಯಚಿತ್ರಕಾರ

ದೆಹಲಿಗೆ ಹೊರಡುವ ಪ್ಯಾಕೇಜ್ ಪ್ರವಾಸದ ಪಟ್ಟಿ ಯಾರಿಗೆ ಗೊತ್ತಿಲ್ಲ? ಕೆಂಪುಕೋಟೆ, ರಾಜಘಾಟ್, ಇಂಡಿಯಾ ಗೇಟ್, ಕುತುಬ್ ಮಿನಾರ್, ಮಾರನೆಯ ದಿನ ನಸುಕಿಗೇ ಎದ್ದು ಆಗ್ರಾ. ದೊಡ್ಡವರ ಕಾಲು ಸೋಲುತ್ತವೆ, ಚಿಕ್ಕವು ರಚ್ಚೆ ಹಿಡಿಯುತ್ತವೆ. ಮಕ್ಕಳಿಗೆಂದೇ ಇರುವ ಒಂದು ಜಾಗವೂ ಆ ಪಟ್ಟಿಯಲ್ಲಿ ಸಿಗುವುದು ಅಪರೂಪ. ಪತ್ರಿಕಾ ಕಚೇರಿಗಳು ಸಾಲುಗಟ್ಟಿರುವ ಬಹಾದುರ್ ಷಾ ಜಫರ್ ಮಾರ್ಗದಲ್ಲಿ, ನೆಹರು ಹೌಸ್ ಎಂಬ ಕಟ್ಟಡದೊಳಗೆ ಶಂಕರ್ಸ್ ಅಂತರರಾಷ್ಟ್ರೀಯ ಗೊಂಬೆಗಳ ವಸ್ತುಸಂಗ್ರಹಾಲಯವಿದೆ ಎಂಬುದು ನಮ್ಮ ಕಡೆಯ ಟೂರ್ ಏಜೆಂಟರಿಗೆ ಇನ್ನೂ ತಿಳಿದಂತಿಲ್ಲ.

ಒಂದು ದಿನ ಅಲ್ಲಿಗೆ ಬಂದಿದ್ದ ಮೈಸೂರಿನ ಕುಟುಂಬವೊಂದಕ್ಕೆ ಸ್ವಂತ ಯೋಜನೆಯಿತ್ತು. ಅಪ್ಪ, ಅಮ್ಮ, ಅಜ್ಜಿ, ಆರು ವರ್ಷದ ಹುಡುಗಿ, ನಾಲ್ಕು ವರ್ಷದ ತಮ್ಮ. ತಮ್ಮನಿಗೆ ಬಾಗಿಲಲ್ಲೇ ನಿರಾಸೆ. ಅವನು ಹುಡುಕಿಕೊಂಡು ಬಂದದ್ದು ಕಾರು, ರೈಲು. ಇಲ್ಲಿರುವುದು ಆಟಿಕೆಗಳಲ್ಲ, ಒಂದೊಂದು ನಾಡಿನ ಉಡುಗೆ ತೊಡುಗೆ ತೊಟ್ಟು ನಿಂತ ಗೊಂಬೆಗಳು; ಅವೂ ಗಾಜಿನ ಹಿಂದೆ. ಮುಟ್ಟುವ ಹಾಗಿಲ್ಲ ಎಂದರೆ ನಾಲ್ಕು ವರ್ಷದವನಿಗೆ ಅದು ಗೊಂಬೆಯೇ ಅಲ್ಲ.

ಚರಿತ್ರೆಯನ್ನು ಚುಟುಕಾಗಿ ಹೇಳುವುದಾದರೆ: 1948ರಲ್ಲಿ ‘ಶಂಕರ್ಸ್ ವೀಕ್ಲಿ’ ಆರಂಭಿಸಿದ ವ್ಯಂಗ್ಯಚಿತ್ರಕಾರ ಕೆ. ಶಂಕರ್ ಪಿಳ್ಳೈ ಅವರಿಗೆ ಗೊಂಬೆಗಳ ಹುಚ್ಚು ಹತ್ತಿದ್ದು ಹಂಗರಿಯ ರಾಯಭಾರಿ ಕೊಟ್ಟ ಒಂದು ಗೊಂಬೆಯಿಂದ. ಮುಂದೆ ಯಾವ ದೇಶಕ್ಕೆ ಹೋದರೂ ಗೊಂಬೆ ತಂದರು. ಸಂಗ್ರಹವನ್ನು ಊರೂರಿಗೆ ಒಯ್ದು, ಮಕ್ಕಳ ಚಿತ್ರಗಳ ಜೊತೆ ಪ್ರದರ್ಶನಕ್ಕಿಟ್ಟರು. ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಈ ಓಡಾಟದಲ್ಲಿ ಗೊಂಬೆಗಳು ಮುರಿಯತೊಡಗಿದವು. ಇವಕ್ಕೊಂದು ಕಾಯಂ ಮನೆ ಬೇಕು ಎಂದು ಸೂಚಿಸಿದವರು ಇಂದಿರಾ ಗಾಂಧಿ. 1965ರ ನವೆಂಬರ್ 30ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಸಂಗ್ರಹಾಲಯವನ್ನು ಉದ್ಘಾಟಿಸಿದರು. ಸುಮಾರು 1,000 ಗೊಂಬೆಗಳಿಂದ ಶುರುವಾದದ್ದು ಈಗ 85 ದೇಶಗಳ 6,500 ದಾಟಿದೆ. ಗಾಜು ಯಾಕೆ ಎಂಬ ಪ್ರಶ್ನೆಗೆ ಉತ್ತರವೂ ಆ ಮುರಿದ ಗೊಂಬೆಗಳಲ್ಲೇ ಸಿಕ್ಕಿತಲ್ಲ.

ಆದರೆ ಆ ದಿನದ ಕಥೆ ಇರುವುದು ಜಪಾನಿನ ಗೊಂಬೆಗಳ ಮುಂದೆ. ಕಬುಕಿ ನಟರು, ಸಮುರಾಯ್ ಯೋಧರು ಇದ್ದಾರೆ. ಅವರನ್ನೆಲ್ಲ ದಾಟಿ ಹುಡುಗಿ ಹೆಣ್ಣುಮಕ್ಕಳ ಹಬ್ಬದ ಗೊಂಬೆಗಳ ಎದುರು ಗಕ್ಕನೆ ನಿಂತಳು. “ಅಜ್ಜೀ, ಇವ್ರೂ ನಮ್ ಥರ ಗೊಂಬೆ ಕೂರಿಸಿದಾರೆ!”

“ಹೂಂ ಕಣೇ ಪುಟ್ಟಿ, ರಾಜ ರಾಣಿ ನೋಡು. ಪಟ್ಟದ ಗೊಂಬೆ!” ಎಂದು ಅಜ್ಜಿಯೂ ಗಾಜಿಗೆ ಮೂಗು ತಾಗಿಸಿದರು.

ಅಜ್ಜಿಯ ಮಾತು ಬರೀ ಸಂಭ್ರಮದ್ದಲ್ಲ. ಜಪಾನಿನಲ್ಲಿ ಮಾರ್ಚ್ 3 ಹೆಣ್ಣುಮಕ್ಕಳ ಹಬ್ಬ, ಹಿನಾಮತ್ಸುರಿ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ಗೊಂಬೆ ಜೋಡಿಸುತ್ತಾರೆ. ಪೂರ್ತಿ ಜೋಡಣೆಯಾದರೆ 7 ಮೆಟ್ಟಿಲು, 15 ಗೊಂಬೆ: ಎಲ್ಲಕ್ಕಿಂತ ಮೇಲೆ ಚಕ್ರವರ್ತಿ ದಂಪತಿ, ಕೆಳಗೆ ಮೂವರು ಸಖಿಯರು, ಐವರು ವಾದ್ಯಗಾರರು, ಇಬ್ಬರು ಮಂತ್ರಿಗಳು, ಮೂವರು ಸೇವಕರು. ಮನೆಯಲ್ಲಿ ಹೆಣ್ಣು ಹುಟ್ಟಿದರೆ ಗೊಂಬೆ ಬರುವುದು ಬಹಳ ಮಟ್ಟಿಗೆ ತಾಯಿಯ ತವರಿನಿಂದ. ಹಬ್ಬ ಮುಗಿದ ಮೇಲೂ ಎತ್ತಿಡದೆ ಬಿಟ್ಟರೆ ಮಗಳ ಮದುವೆ ತಡವಾಗುತ್ತದೆ ಎಂಬ ನಂಬಿಕೆ ಬೇರೆ.

ಹಳೇ ಮೈಸೂರಿನ ನವರಾತ್ರಿಯಲ್ಲೂ ಇದೇ ಬಗೆ. ಮೇಲಿನ ಮೆಟ್ಟಿಲಲ್ಲಿ ಮರದ ಪಟ್ಟದ ರಾಜ ರಾಣಿ, ಕೆಳಗೆ ಅಂಗಡಿ ಹರವಿಕೊಂಡು ಕೂತ ಶೆಟ್ಟಿ, ಶೆಟ್ಟಮ್ಮ. ಮದುವೆಯಾಗಿ ಹೊರಟ ಮಗಳ ಜೊತೆ ತವರಿನವರು ಪಟ್ಟದ ಗೊಂಬೆ ಕಳಿಸುವ ರೂಢಿ ಇಲ್ಲೂ ಉಂಟು. ತಮ್ಮ ಜೋಡಿ ತಮ್ಮ ತಾಯಿಗೆ ಬಂದದ್ದು, ಇದೇ ಹುಡುಗಿಗೆ ಹೋಗಬೇಕಾದದ್ದು ಎಂದು ಅಜ್ಜಿ ಪಕ್ಕದಲ್ಲಿದ್ದ ಅಪರಿಚಿತರಿಗೂ ಹೇಳಿದರು. ಬೀದಿಯ ಮಕ್ಕಳು ಗುಂಪು ಕಟ್ಟಿಕೊಂಡು “ಗೊಂಬೆ ಕೂರಿಸಿದೀರಾ?” ಎಂದು ಬಾಗಿಲಿಗೆ ಬರುತ್ತಿದ್ದ ಕಾಲ, ಗೊಂಬೆ ಬಾಗಿನಕ್ಕೆ ಕೋಡುಬಳೆ ಕರಿದಿಡುತ್ತಿದ್ದದ್ದು, ಈಗ ಗೇಟಿನ ಕಾವಲುಗಾರನೇ ಮಕ್ಕಳನ್ನು ತಡೆಯುವುದು, ಎಲ್ಲವೂ ಹೊರಬಂತು. ಸೊಸೆ ಗಡಿಯಾರ ನೋಡಿದರು. ಅಜ್ಜಿ ನೋಡಲಿಲ್ಲ.

ಉಳಿದ ದೇಶಗಳಿಗೆ ಅನ್ಯಾಯವೇ ಆಯಿತು. ಸ್ಪೇನಿನ ಫ್ಲೆಮೆಂಕೊ ನರ್ತಕಿಯರು, ಥಾಯ್ಲೆಂಡಿನ ವಾದ್ಯಮೇಳ, ಶ್ರೀಲಂಕೆಯ ಕ್ಯಾಂಡಿ ಮೆರವಣಿಗೆ, ಹಂಗರಿಯ ಗೊಂಬೆಗಳು ಎಲ್ಲವನ್ನೂ ಕುಟುಂಬ ನಡೆಯುತ್ತಲೇ ನೋಡಿ ಮುಗಿಸಿತು. ಕಥಕ್ಕಳಿಯ ಗೊಂಬೆಗಳ ಬಳಿ ಮಾತ್ರ ಹುಡುಗಿಯ ತಮ್ಮ ಅಪ್ಪನ ಹೆಗಲೇರಿ, ಬಣ್ಣದ ಮುಖ ನೋಡಿ “ರಾಕ್ಷಸ!” ಎಂದು ಕೂಗಿದ. ಅವನ ಮಟ್ಟಿಗೆ ಕೊಟ್ಟ ಟಿಕೆಟ್ಟಿಗೆ ಮೋಸವಾಗಲಿಲ್ಲ.

ಭಾರತದ ಸುಮಾರು 150 ಬಗೆಯ ಗೊಂಬೆಗಳು ಹೊರಗಿನಿಂದ ಕೊಂಡವಲ್ಲ, ಸಂಗ್ರಹಾಲಯದ ಸ್ವಂತ ಕಾರ್ಯಾಗಾರದಲ್ಲೇ ತಯಾರಾದವು. ಬೇರೆ ಬೇರೆ ಪ್ರಾಂತ್ಯಗಳ ಮದುವಣಗಿತ್ತಿಯರು ಇದ್ದಾರೆ, ಜೋಡಿಗಳಿವೆ. ಆ ಸೀಮೆಯವರ ಮುಖಚಹರೆ, ಸೀರೆ ಉಡುವ ಬಗೆ, ಒಡವೆ ಇವನ್ನೆಲ್ಲ ಮೊದಲು ಅಧ್ಯಯನ ಮಾಡಿ, ಆಮೇಲೆ ಕೈಯಲ್ಲೇ ರೂಪಿಸುತ್ತಾರೆ. ವಿದೇಶದ ಗೊಂಬೆಗೆ ಬದಲಾಗಿ ಇಲ್ಲಿಯದನ್ನು ಕೊಡುವ ಪದ್ಧತಿಯೂ ಉಂಟು. 1980ರಲ್ಲಿ ಪೋಲೆಂಡಿನ ಕ್ರಾಕೋ ನಗರದ ಗೊಂಬೆ ಮೇಳದಲ್ಲಿ ಇಲ್ಲಿಯ ಗೊಂಬೆಗಳಿಗೆ ‘ಗೋಲ್ಡನ್ ಪೀಕಾಕ್ ಫೆದರ್’ ಮೊದಲ ಬಹುಮಾನ ಬಂತು. ಬೆರಳುದ್ದದ ತೋಳಿಗೆ ಕುಪ್ಪಸ ಹೊಲಿದು, ನೆರಿಗೆ ಕೂರಿಸಿ, ಉಗುರಿನಷ್ಟು ಜಾಗದಲ್ಲಿ ಸರ ತೊಡಿಸುವ ಕೆಲಸಕ್ಕೆ ಇವತ್ತಿನ ಪೇಟೆ ಯಾವ ಬೆಲೆ ಕಟ್ಟೀತು? ಅಚ್ಚಿನಲ್ಲಿ ಉದುರುವ ಪ್ಲಾಸ್ಟಿಕ್ ಗೊಂಬೆಯ ಕಾಲದಲ್ಲಿ ಇಂಥ ಕೈಗಳು ಉಳಿದಿರುವುದೇ ಹೆಚ್ಚು. ಚನ್ನಪಟ್ಟಣ, ಕಿನ್ನಾಳಗಳ ಪಾಡು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಮಾತು ಹೇಳಲೇಬೇಕು. ಈ ಗೊಂಬೆಗಳು ತೊಟ್ಟಿರುವುದು ಹಬ್ಬದ, ಮದುವೆಯ, ರಂಗದ ಉಡುಪು. ಜಪಾನಿನ ಹೆಂಗಸರೆಲ್ಲ ನಿತ್ಯ ಕಿಮೊನೊದಲ್ಲೇ ಇರುತ್ತಾರೆ ಎಂದು ಮಗು ತಿಳಿದರೆ ತಪ್ಪು ಮಗುವಿನದಲ್ಲ. ಜೊತೆಗಿರುವ ದೊಡ್ಡವರು ಫೋನು ಕೆಳಗಿಟ್ಟು ಎರಡು ಮಾತಾಡಬೇಕು. ಅಜ್ಜಿಯಂಥವರೊಬ್ಬರು ಜೊತೆಗಿದ್ದರೆ ಗೈಡು ಬೇಕಾಗುವುದಿಲ್ಲ.

ಅದೇ ನೆಹರು ಹೌಸ್‌ನಲ್ಲಿ ಶಂಕರ್ 1957ರಲ್ಲಿ ಸ್ಥಾಪಿಸಿದ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಇದೆ, ಬಿ.ಸಿ. ರಾಯ್ ಹೆಸರಿನ ಮಕ್ಕಳ ಗ್ರಂಥಾಲಯವೂ ಇದೆ. ಸೋಮವಾರ ಗೊಂಬೆಗಳಿಗೆ ರಜೆ. ಅಂದು ಕೆಂಪುಕೋಟೆಗೂ ರಜೆಯೇ ಆದ್ದರಿಂದ ಎರಡನ್ನೂ ಬೇರೊಂದು ದಿನ ಜೋಡಿಸಿಕೊಂಡರೆ ಚೆನ್ನ. ಮೆಟ್ರೊ ನೇರಳೆ ಮಾರ್ಗದ ಐಟಿಒ ನಿಲ್ದಾಣ ಹತ್ತಿರದಲ್ಲೇ ಇದೆ. ಅಲ್ಲಿಂದ ಕೆಂಪುಕೋಟೆಗೆ ಮೂರನೆಯ ನಿಲ್ದಾಣ.